ಹತ್ತು ಮೀಟರಿಗೆ ಎಷ್ಟು ದೊಡ್ಡ ಸ್ಕೋಪ್ ಬೇಕು?
ಈ ವಾರ ಅಮಾಸೆಬೈಲಿನ ಮನೆಯೊಂದರ ಅಂಗಳದಲ್ಲಿ ಹುಡುಗರು ರಟ್ಟು ಕಟ್ಟಿ ಏರ್‌ಗನ್ನಿನಲ್ಲಿ ಗುರಿ ಕಲಿಯುತ್ತಿದ್ದರು. ಕೋವಿಗಿಂತ ಅದರ ಮೇಲಿನ ಸ್ಕೋಪೇ ಎದ್ದು ಕಾಣುತ್ತಿತ್ತು. ಬೆಲೆ ಅಗ್ಗ, ಹಿಗ್ಗಿಸುವ ಶಕ್ತಿ ಮಾತ್ರ ಭಾರಿ. ಕಣ್ಣಿಟ್ಟು ನೋಡಿದೆ: 10 ಮೀಟರ್ ದೂರದ ರಟ್ಟು ಮಂಜು ಮಂಜು, ತಲೆ ತುಸು ಅಲುಗಿಸಿದರೆ ಅಡ್ಡಗೆರೆ ಗುರಿಯಿಂದ ಸರಿಯುತ್ತದೆ. 100 ಗಜಕ್ಕೆ ಹೊಂದಿಸಿದ ಗಾಜು ಅಂಗಳದಲ್ಲಿ ಹೀಗೇ ಕೈಕೊಡುವುದು. ಸಾಲದ್ದಕ್ಕೆ ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಎಷ್ಟೋ ಸಾಮಾನ್ಯ ಸ್ಕೋಪ್‌ಗಳು ಆ ಮುಂದಿನ ಒದೆತಕ್ಕೆ ತಾಳುವುದಿಲ್ಲ. ದುಡ್ಡು ಕಡಿಮೆಯಿದ್ದರೆ ಏರ್‌ಗನ್ನಿಗೆಂದೇ ಮಾಡಿದ, ಹತ್ತಿರಕ್ಕೂ ಫೋಕಸ್ ಆಗುವ, ನಾಲ್ಕು ಪಟ್ಟು ಹಿಗ್ಗಿಸುವ ಸ್ಕೋಪ್ ಧಾರಾಳ ಸಾಕು. ಉಳಿದ ಹಣ ಗಟ್ಟಿ ಮೌಂಟಿಗೆ ಹಾಕಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದಾಗ ರೈಫಲಿನ ಮೇಲೆ ಸ್ಕೋಪೇ ಇರಲಿಲ್ಲ. ಆ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ, ಸಣ್ಣ ತೂತಿನ ಪೀಪ್ ಸೈಟ್ ಅಷ್ಟೆ. ಮಕ್ಕಳಿಗೆ ಸ್ಪರ್ಧೆಯ ಆಸೆಯಿದ್ದರೆ ಮೊದಲ ದಿನದಿಂದಲೇ ಪೀಪ್ ಸೈಟನ್ನೇ ಕೊಡಿಸಿ ಎನ್ನುತ್ತೇನೆ. ಇನ್ನೊಂದು ಮಾತು: ನಮ್ಮದು ಕಾಡಂಚಿನ ಊರು. ರಟ್ಟಿನ ಹಿಂದೆ ಮಣ್ಣಿನ ದಿಬ್ಬವಿರಲಿ, ಗುರಿ ಮಂಗ, ಹಕ್ಕಿಗಳತ್ತ ತಿರುಗದಂತೆ ಹಿರಿಯರು ಪಕ್ಕದಲ್ಲೇ ನಿಲ್ಲಲಿ.