ವಿಜ್ಞಾನದ ಅನಿಮೇಷನ್ ಬ್ಯಾರಿಯಲ್ಲೂ ಮಾತಾಡಲಿ

ದುಬೈಯ ಇಬ್ನ್ ಬತೂತಾ ಮಾಲ್‌ಗೆ ಹೋದ ನಮ್ಮವರಲ್ಲಿ ಅಲ್ಲಿನ ಆನೆ ಗಡಿಯಾರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರು ಕಡಿಮೆ. ಅಲ್ ಜಝರಿ ಎಂಬ ಯಂತ್ರ ನಿಪುಣ 1206ರಲ್ಲಿ ಬರೆದು ಮುಗಿಸಿದ ಗ್ರಂಥದಲ್ಲಿ ವಿವರಿಸಿದ ಗಡಿಯಾರದ ಮಾದರಿ ಅದು. ಆದರೆ ಅದು ನಡೆಯುವುದು ಹೇಗೆ ಎಂದು ಫೋಟೊದಲ್ಲಿರುವ ಮಕ್ಕಳನ್ನು ಕೇಳಿ ನೋಡಿ. ದೊಡ್ಡವರನ್ನೂ ಕೇಳಿ. ಉತ್ತರ ಸಿಗುವುದು ಕಷ್ಟ. ಯಾಕೆಂದರೆ ಮುಖ್ಯ ಕೆಲಸವೆಲ್ಲ ನಡೆಯುವುದು ಆನೆಯ ಹೊಟ್ಟೆಯೊಳಗೆ.

ಅಲ್ ಜಝರಿಯ ವಿವರಣೆಯ ಪ್ರಕಾರ ಹೊಟ್ಟೆಯೊಳಗೆ ಒಂದು ನೀರಿನ ತೊಟ್ಟಿ. ಅದರಲ್ಲಿ ತಳಕ್ಕೆ ಸಣ್ಣ ತೂತಿರುವ ಒಂದು ಬಟ್ಟಲು ತೇಲುತ್ತಿರುತ್ತದೆ. ತೂತಿನಿಂದ ನೀರು ತುಂಬಿ ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ಮುಳುಗುವಾಗ ದಾರ ಎಳೆಯುತ್ತದೆ. ಮೇಲಿನಿಂದ ಒಂದು ಗುಂಡು ಉರುಳಿ ಹಾವಿನ ಬಾಯಿಗೆ ಬೀಳುತ್ತದೆ. ಆ ಭಾರಕ್ಕೆ ಹಾವು ಬಾಗುತ್ತದೆ. ಬಾಗುವಾಗ ಮುಳುಗಿದ ಬಟ್ಟಲನ್ನು ಮೇಲೆತ್ತುತ್ತದೆ. ಪುನಃ ಮುಂದಿನ ಅರ್ಧ ಗಂಟೆ ಶುರು.

ಇಷ್ಟು ಓದಿದ ಮೇಲೂ ಕೆಲವರಿಗೆ ಅದು ಕಣ್ಣಿಗೆ ಕಟ್ಟಿರಲಿಕ್ಕಿಲ್ಲ. ಆನೆಯ ಹೊಟ್ಟೆಯನ್ನು ಗಾಜಿನಂತೆ ಮಾಡಿ, ಅರ್ಧ ಗಂಟೆಯನ್ನು ಹತ್ತು ಸೆಕೆಂಡಿಗೆ ಇಳಿಸಿ ತೋರಿಸಿದರೆ ಐದನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಮ್ಯೂಸಿಯಂ ಮತ್ತು ಸಾಕ್ಷ್ಯಚಿತ್ರಗಳಿಗೆ ವಿಜ್ಞಾನದ ಅನಿಮೇಷನ್ ಮಾಡುವವರ ಕೆಲಸ ಇದೇ. ಒಳಗಿರುವುದನ್ನು, ತೀರಾ ಸಣ್ಣದನ್ನು, ತೀರಾ ವೇಗದ್ದನ್ನು ಕಾಣಿಸುವುದು. ನಮ್ಮ ಮನೆಗಳಲ್ಲಿ ಇದಕ್ಕೆ ಇಟ್ಟಿರುವ ಹೆಸರು ‘ಕಾರ್ಟೂನ್ ಕೆಲಸ’. ಆ ಹೆಸರು ಬಿಡೋಣ. ಈ ಕೆಲಸವನ್ನು ನಮ್ಮ ಮಕ್ಕಳು ಕಲಿಯಬೇಕು, ಅದು ನಮ್ಮ ಮನೆಮಾತಿನಲ್ಲೂ ಬರಬೇಕು ಎಂಬುದು ನನ್ನ ವಾದ.

ಮನೆಮಾತು ಯಾಕೆ ಬೇಕು ಎಂಬುದು ನನಗೆ ಚೆನ್ನಾಗಿ ತಿಳಿದದ್ದು ಬ್ಯಾರಿ ಭಾಷೆಯೇ ಇಲ್ಲದ ಊರಿನಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದವನು ನಾನು. ಜಕಾರ್ಡ್ ಮಗ್ಗದ ಅನಿಮೇಷನ್ ಮಾಡುವ ಮೊದಲು ನಡೆಯುತ್ತಿರುವ ಮಗ್ಗವನ್ನೇ ನೋಡಬೇಕಿತ್ತು. ಅದಕ್ಕಾಗಿ ತಮಿಳುನಾಡಿನ ತಾರಮಂಗಲಂಗೆ ಹೋದೆ. ಮಂಗಳೂರಿನಿಂದ ಮದ್ರಾಸಿಗೆ ಹೋಗುವ ವೆಸ್ಟ್ ಕೋಸ್ಟ್ ರೈಲಿನಲ್ಲಿ ಸೇಲಂನಲ್ಲಿ ಇಳಿದು, ಅಲ್ಲಿಂದ ಬಸ್ಸು. ಕೈಲಾಸನಾಥ ದೇವಸ್ಥಾನದ ಕಲ್ಲಿನ ಕೆತ್ತನೆಗೆ ಹೆಸರಾದ ಊರು. ನೇಕಾರರ ಊರು ಕೂಡ. ಸೇಲಂ ಸೀಮೆಯ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಿನವರು ಬಹಳ. ನಾನು ಹೋದ ಮನೆಯಲ್ಲೂ ಕನ್ನಡವೇ. ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷ್. ಕನ್ನಡ ಅಕ್ಷರ ಅವರಿಗೆ ಗೊತ್ತಿಲ್ಲ, ಮಾತು ಗೊತ್ತು.

ಜಕಾರ್ಡ್ ಯಂತ್ರ 1804ರ ಹೊತ್ತಿಗೆ ಫ್ರಾನ್ಸಿನಲ್ಲಿ ಬಂದದ್ದು. ಮಗ್ಗದ ತಲೆಯ ಮೇಲೆ ಅದರ ಪೆಟ್ಟಿಗೆ. ಪಕ್ಕದಲ್ಲಿ ಮಾಲೆಯಂತೆ ಹೊಲಿದ ರಟ್ಟಿನ ಕಾರ್ಡುಗಳು. ಒಂದು ಹೊಕ್ಕಿನ ಎಳೆಗೆ ಒಂದು ಕಾರ್ಡು. ಕಾರ್ಡಿನಲ್ಲಿ ತೂತಿದ್ದರೆ ಸೂಜಿ ಅದರೊಳಗೆ ನುಗ್ಗುತ್ತದೆ, ಕೊಕ್ಕೆ ಇದ್ದಲ್ಲೇ ಇದ್ದು ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಿದ್ದರೆ ಸೂಜಿ ಹಿಂದೆ ಸರಿದು ಕೊಕ್ಕೆ ತಪ್ಪುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಇದೆ, ಇಲ್ಲ, ಎರಡೇ ಮಾತು. ಸೀರೆಯ ಅಂಚಿನ ನವಿಲು, ಹಂಸ ಎಲ್ಲ ಇದರಿಂದಲೇ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಇದೇ ಕಾರ್ಡುಗಳನ್ನು ತೆಗೆದುಕೊಂಡ. ನಾನು ಅನಿಮೇಷನ್ ಮಾಡುವ ಕಂಪ್ಯೂಟರಿನ ಹಿರಿಯರಲ್ಲಿ ಈ ಮಗ್ಗವೂ ಒಂದು.

ನೇಯುವ ಅಣ್ಣ ಇದನ್ನೆಲ್ಲ ತನ್ನ ಕನ್ನಡದಲ್ಲಿ, ಎಳೆ ಮುಟ್ಟಿ ತೋರಿಸಿ, ಎರಡು ನಿಮಿಷದಲ್ಲಿ ಹೇಳಿದರು. ಪುಸ್ತಕದಲ್ಲಿ ಎರಡು ದಿನ ಓದಿ ಅರ್ಧ ಅರ್ಥವಾಗಿದ್ದ ವಿಷಯ. ಸೂಜಿಗಳು ಪೆಟ್ಟಿಗೆಯೊಳಗಿರುವುದರಿಂದ ಅವರ ಮಕ್ಕಳಿಗೂ ಅದು ಕಾಣುವುದಿಲ್ಲ. ಅಲ್ಲಿ ಅನಿಮೇಷನ್ ಬೇಕು. ಜೊತೆಗೆ ಬರುವ ದನಿ ಆ ಅಣ್ಣನ ಕನ್ನಡದಲ್ಲಿದ್ದರೆ ಆ ಮಕ್ಕಳಿಗೆ ಅಪ್ಪನ ಕೆಲಸವೇ ವಿಜ್ಞಾನದ ಪಾಠವಾಗುತ್ತದೆ.

ನಮ್ಮ ಬ್ಯಾರಿಯ ಸ್ಥಿತಿಯೂ ಇದಕ್ಕೆ ಹತ್ತಿರದ್ದೇ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಬೇರೆ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಆಯಿತು. ‘ಬ್ಯಾರಿ’ ಸಿನಿಮಾಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂತು. ಕಥೆ, ಕವನ, ಹಾಡಿಗೆ ಸಾಲುವ ಭಾಷೆ ವಿಜ್ಞಾನಕ್ಕೆ ಮಾತ್ರ ಸಾಲುವುದಿಲ್ಲ ಎಂದು ನಾವೇ ತೀರ್ಮಾನಿಸಿದ ಹಾಗಿದೆ.

ಖರ್ಚಿನ ಮಾತಿಗೆ ಬರೋಣ. ಅಂಗಡಿಯವರ ಮಗ ನಾನು, ಲೆಕ್ಕ ಬಿಡಲಿಕ್ಕಾಗುವುದಿಲ್ಲ. ಸೆಕೆಂಡಿಗೆ 25 ಚಿತ್ರದಂತೆ ಮೂರು ನಿಮಿಷಕ್ಕೆ 4,500 ಚಿತ್ರ. ಒಂದು ಚಿತ್ರ ತಯಾರಿಸಲು ಕಂಪ್ಯೂಟರಿಗೆ ಎರಡು ನಿಮಿಷ ಹಿಡಿದರೆ ಒಟ್ಟು 150 ಗಂಟೆ, ಅಂದರೆ ಹಗಲು ರಾತ್ರಿ ಸೇರಿ ಆರು ದಿನಕ್ಕಿಂತ ಹೆಚ್ಚು. ಅದಕ್ಕೂ ಮೊದಲು ಮಾದರಿ ಮಾಡಲು, ತಿಳಿದವರಿಗೆ ತೋರಿಸಿ ತಿದ್ದಲು ವಾರಗಟ್ಟಲೆ ಬೇಕು. ಆದರೆ ದನಿ ಕೊಡಲು ಒಂದು ಮಧ್ಯಾಹ್ನ ಸಾಕು. ಚಿತ್ರದ ಮೇಲೆ ಅಕ್ಷರ ಅಚ್ಚೊತ್ತದೆ, ಸಂಗೀತ ಮತ್ತು ಮಾತನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಇಟ್ಟರೆ ಒಂದೇ ಚಿತ್ರ ಕನ್ನಡ, ತುಳು, ಬ್ಯಾರಿ, ಮಲಯಾಳಂ ಎಲ್ಲದಕ್ಕೂ ಆಗುತ್ತದೆ. ದೊಡ್ಡ ಖರ್ಚು ಒಮ್ಮೆ, ಭಾಷೆಯ ಖರ್ಚು ಸ್ವಲ್ಪ.

ಕಲಿಯುವವರಿಗೂ ಒಂದು ಮಾತು. ಡಿಪ್ಲೊಮಾದಲ್ಲಿ ಮೆಷಿನ್ ಡ್ರಾಯಿಂಗ್ ಕಲಿತವರಿಗೆ, ಗಲ್ಫಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿರುವವರಿಗೆ ಈ ಕೆಲಸದ ಅರ್ಧ ಈಗಲೇ ಬರುತ್ತದೆ. ಯಂತ್ರವನ್ನು ಮನಸ್ಸಿನಲ್ಲೇ ಸೀಳಿ ಒಳಗೆ ನೋಡುವ ಅಭ್ಯಾಸ ಅವರಿಗಿದೆ. ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಉಚಿತ. ಇದರಲ್ಲಿ ರಾಶಿ ಹಣ ಇದೆ ಎಂದು ನಾನು ಹೇಳುವುದಿಲ್ಲ. ಕೆಲಸ ಬಂದಾಗ ಬರುತ್ತದೆ, ಬಿಲ್ಲು ತಡವಾಗುತ್ತದೆ. ಇದ್ದ ನೌಕರಿ ಬಿಟ್ಟು ಬನ್ನಿ ಎಂಬ ಸಲಹೆ ನನ್ನದಲ್ಲ. ಆದರೆ ಮಗಳೋ ಮಗನೋ ಇದನ್ನು ಕಲಿಯುತ್ತೇನೆ ಎಂದರೆ ನಗಬೇಡಿ.

ಎಚ್ಚರಿಕೆಯೂ ಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ 2006ರಲ್ಲಿ ಮಾಡಿದ ಜೀವಕೋಶದ ಪ್ರಸಿದ್ಧ ಅನಿಮೇಷನ್‌ನಲ್ಲಿ ಒಂದು ಪ್ರೋಟೀನ್ ಹೊರೆ ಹೊತ್ತು ಸಾವಧಾನವಾಗಿ ಹೆಜ್ಜೆ ಹಾಕುತ್ತದೆ. ನಿಜವಾದ ಜೀವಕೋಶದೊಳಗೆ ಬಂದರಿನ ಮೀನು ಮಾರ್ಕೆಟ್ಟಿನಷ್ಟು ಗದ್ದಲ, ಎಲ್ಲವೂ ನಡುಗುತ್ತಿರುತ್ತದೆ. ಅರ್ಥವಾಗಲೆಂದು ಬಿಟ್ಟದ್ದನ್ನು, ಊಹಿಸಿ ಬಣ್ಣ ಹಚ್ಚಿದ್ದನ್ನು ಹೇಳಿಯೇ ತೋರಿಸಬೇಕು. ಈಗ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಂದದ ವೀಡಿಯೊಗಳು ‘ವಿಜ್ಞಾನವೇ ಒಪ್ಪಿದೆ’ ಎಂಬ ಸಾಲಿನೊಂದಿಗೆ ಓಡಾಡುತ್ತಿವೆ. ಚಂದ ಇದ್ದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ. ನಮ್ಮ ದೀನಿಗೆ ಸುಳ್ಳು ಚಿತ್ರದ ಆಸರೆ ಬೇಕಾಗಿಲ್ಲ. ಬೆಳಕಿನ ಬಗ್ಗೆ ಬರೆದ ಇಬ್ನುಲ್ ಹೈಸಮ್ ಹಿಂದಿನವರ ಮಾತನ್ನೂ ಪರೀಕ್ಷೆ ಮಾಡದೆ ಒಪ್ಪಲಿಲ್ಲ. ಅವರ ಹೆಸರು ಹೇಳಿ ಹೆಮ್ಮೆ ಪಡುವ ನಾವು ಆ ಕ್ರಮವನ್ನೂ ಕಲಿಯಬೇಕು.

ಶುರು ಎಲ್ಲಿಂದ? ಸಕ್ಕರೆ ಕಾಯಿಲೆಯಿಂದ ಎನ್ನುತ್ತೇನೆ. ‘ಎಂತ ನೋವೂ ಇಲ್ಲ, ಮತ್ತೆ ಮಾತ್ರೆ ಯಾಕೆ’ ಎಂದು ಗುಳಿಗೆ ಬಿಡುವ ಉಮ್ಮಂದಿರು ನಮ್ಮ ಮನೆಮನೆಯಲ್ಲಿದ್ದಾರೆ. ಡಾಕ್ಟರು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ತಲೆ ಆಡಿಸಿ ಬರುತ್ತಾರೆ. ಜೀವಕೋಶ ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳದಿದ್ದಾಗ ಸಕ್ಕರೆ ರಕ್ತದಲ್ಲೇ ಉಳಿಯುವುದನ್ನು, ವರ್ಷಗಟ್ಟಲೆ ಹಾಗೇ ಉಳಿದರೆ ಕಣ್ಣಿನ, ಕಿಡ್ನಿಯ ಸಣ್ಣ ರಕ್ತನಾಳಗಳು ನೋವಿಲ್ಲದೆಯೇ ಹಾಳಾಗುವುದನ್ನು ಮೂರು ನಿಮಿಷದಲ್ಲಿ ತೋರಿಸಬಹುದು. ಮಾತು ಅವರ ಬ್ಯಾರಿಯಲ್ಲೇ ಇರಲಿ, ದನಿ ಒಬ್ಬ ಹೆಂಗಸಿನದ್ದಾಗಿರಲಿ, ವೈದ್ಯರು ನೋಡಿ ಒಪ್ಪಿದ್ದಾಗಿರಲಿ.

ನಮ್ಮ ಮದುವೆಗಳಲ್ಲಿ ಒಂದು ಸಂಜೆಯ ವೇದಿಕೆಗೆ ಎಷ್ಟು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಒಂದು ಜಮಾಅತ್, ಒಂದು ಶಾಲೆ ಅಥವಾ ಗಲ್ಫಿನ ಒಂದು ಸಂಘಟನೆ ಅದರಲ್ಲಿ ಒಂದು ಪಾಲನ್ನು ಇಂಥ ಒಂದು ಚಿತ್ರಕ್ಕೆ ಎತ್ತಿಟ್ಟರೆ ಕೆಲಸ ಶುರುವಾಗುತ್ತದೆ. ಚಿತ್ರ ಮಾಡುವವರು ನಮ್ಮಲ್ಲಿದ್ದಾರೆ, ದನಿ ಕೊಡುವವರೂ ಇದ್ದಾರೆ. ಮಾಡಿಸುವವರು ಮುಂದೆ ಬರಬೇಕು.