ಮಂತ್ರಿ ‘ಗರಂ’, ರೈತರದ್ದು ಬರೀ ‘ಅಳಲು’

ನಮ್ಮ ಹೆಡ್‌ಲೈನುಗಳಲ್ಲಿ ಸಿಟ್ಟಿಗೂ ದರ್ಜೆ ಇದೆ. ಮಂತ್ರಿಗೆ ಸಿಟ್ಟು ಬಂದರೆ ‘ಗರಂ’, ‘ಕೆಂಡಾಮಂಡಲ’. ವಿರೋಧ ಪಕ್ಷದವರು ‘ಕಿಡಿ’ ಕಾರುತ್ತಾರೆ. ಮೊಬೈಲ್ ಹಿಡಿದ ನಾವು ನೀವು ಬೈದರೆ ‘ನೆಟ್ಟಿಗರ ಆಕ್ರೋಶ’. ಕಮೆಂಟು ಮೂರೇ ಇದ್ದರೂ ನಡೆಯುತ್ತೆ. ಆದರೆ ಖಾಲಿ ಕೊಡ ಇಟ್ಕೊಂಡು ಪಂಚಾಯ್ತಿ ಮುಂದೆ ಕೂತ ಹೆಂಗಸರು ಪಿಡಿಓಗೆ ಎಷ್ಟೇ ಜೋರಾಗಿ ದಬಾಯಿಸಲಿ, ಸುದ್ದಿಯಲ್ಲಿ ಅದು ‘ಅಳಲು’.

ಅಳಲು ಅಂದರೆ ದುಃಖ, ಸಂಕಟ. ಅಳುವವರಿಗೆ ಸಾಂತ್ವನ ಹೇಳಿ ಕಳಿಸಬಹುದು. ಸಿಟ್ಟಾದವರಿಗೆ ಉತ್ತರ ಕೊಡಬೇಕಾಗುತ್ತೆ. ಪದ ಬದಲಾದಾಗ ಸರ್ಕಾರದ ಕೆಲಸವೂ ಹಗುರಾಯ್ತು.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಸಾವಿರಕ್ಕೂ ಹೆಚ್ಚು ದಿನ ಕೂತರು. 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಅದನ್ನ ಅಳಲು ಅನ್ನೋಕೆ ನನಗೆ ಮನಸ್ಸಿಲ್ಲ. ಆಕ್ರೋಶವೂ ಅಲ್ಲ, ಆ ಪದದಲ್ಲೇ ಕೂಗು ಇದೆ, ಮೂರು ವರ್ಷ ಯಾರೂ ಕೂಗ್ತಾ ಇರಲ್ಲ. ಹಳ್ಳಿ ಕಡೆ ಇದಕ್ಕೆ ‘ಹಠ’ ಅಂತಾರೆ. ಹೆಡ್‌ಲೈನಿಗೆ ಎರಡೇ ಅಕ್ಷರ, ಜಾಗವೂ ಉಳಿಯುತ್ತೆ.

ಗುಂಪು ಹಿಂಸೆಗೆ ಇಳಿದಾಗ ಪದದ ಆಟ ಇನ್ನೂ ಅಪಾಯ. ‘ಉದ್ವಿಗ್ನ’ ಅಂದರೆ ಕಳವಳ, ಆತಂಕ. ಬಾಗಿಲು ಹಾಕ್ಕೊಂಡು ಒಳಗೆ ಕೂತವರ ಸ್ಥಿತಿ. ‘ಉದ್ರಿಕ್ತ’ ಅಂದರೆ ಕೆರಳಿದ್ದು, ಕಲ್ಲು ಹಿಡಿದವರದ್ದು. ಎರಡನ್ನೂ ಒಂದೇ ವರದಿಯಲ್ಲಿ ಅದಲು ಬದಲು ಬಳಸ್ತೀವಿ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಹೆಸರಲ್ಲಿ ಬೆಂಗಳೂರಿನಲ್ಲಿ ಹತ್ತಾರು ಖಾಸಗಿ ಬಸ್‌ಗಳು ಸುಟ್ಟವು. ಇಂಥದ್ದಕ್ಕೆ ‘ಆಕ್ರೋಶ ಭುಗಿಲೆದ್ದಿತು’ ಅನ್ನೋದು ನಮ್ಮ ಸಿದ್ಧ ಸಾಲು. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಡಿಪೋದಲ್ಲಿ ನಿಂತ ಬಸ್ಸು ತಾನಾಗೇ ಭುಗಿಲೇಳಲ್ಲ.

ಕನ್ನಡದಲ್ಲಿ ‘ರೊಚ್ಚಿಗೇಳು’ ಇರುವ ಹಾಗೆ ‘ರೊಚ್ಚಿಗೆಬ್ಬಿಸು’ ಕೂಡ ಇದೆ. ಎರಡನೆಯದಕ್ಕೆ ಒಬ್ಬ ಕರ್ತೃ ಬೇಕು, ಅದಕ್ಕೇ ನಾವು ಮೊದಲನೆಯದನ್ನೇ ಬರೀತೀವಿ. ಕಾನೂನು ಇಷ್ಟು ಸಲೀಸಾಗಿ ಬಿಡಲ್ಲ. ಭಾರತೀಯ ನ್ಯಾಯ ಸಂಹಿತೆಯ 101ನೇ ಸೆಕ್ಷನ್ ತೀವ್ರ ಮತ್ತು ದಿಢೀರ್ ಪ್ರಚೋದನೆಯಿಂದ ಹತೋಟಿ ತಪ್ಪಿದವನಿಗೆ ಕೊಲೆ ಆರೋಪದಿಂದ ವಿನಾಯಿತಿ ಕೊಡುತ್ತೆ. ಆದರೆ ಆ ಪ್ರಚೋದನೆಯನ್ನ ಅವನೇ ನೆಪವಾಗಿ ಹುಡುಕಿಕೊಂಡು ಹೋಗಿದ್ದರೆ ವಿನಾಯಿತಿ ಇಲ್ಲ.

‘ಉದ್ರಿಕ್ತ ಗುಂಪು’ ಅಂತ ಕಾಪಿ ಬಂದಾಗ ನಾನು ವರದಿಗಾರರಿಗೆ ಫೋನ್ ಮಾಡಿ ಕೇಳೋದು, ಎಬ್ಬಿಸಿದ್ದು ಯಾರು ಅಂತ. ಹೆಸರು ಸಿಗದಿದ್ದರೆ ಯಾವ ಮೆಸೇಜು, ಎಷ್ಟು ಗಂಟೆಗೆ ಹರಿದಾಡಿತು ಅಂತಾದರೂ ಬರೀರಿ ಅಂತೀನಿ.