ಕರುಳು ಬೆಳಗಾಗುವವರೆಗೆ ಕಾಯದು

ತೊಡೆಸಂದಿನ ಗಂಟನ್ನು ಬಟ್ಟೆಯಿಂದ ಬಿಗಿದುಕೊಂಡು ದುಡಿಯುವವರು ನಮ್ಮಲ್ಲಿ ಎಷ್ಟು ಮಂದಿ! ಕೋಲಾರದಲ್ಲಿ ಟೊಮೇಟೊ ಪೆಟ್ಟಿಗೆ ಹೊರುವವರು, ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಲಾರಿ ತುಂಬುವವರು, ಮಾಲೂರಿನಲ್ಲಿ ಇಟ್ಟಿಗೆ ಹೊರುವವರು, ಅಂಗಡಿಯ ಮೂಟೆಯನ್ನು ತಾವೇ ಇಳಿಸಿಕೊಳ್ಳುವ ಸಣ್ಣ ವ್ಯಾಪಾರಿಗಳು. ಡಾಕ್ಟರುಗಳು ಇದನ್ನು ಹರ್ನಿಯಾ ಎನ್ನುತ್ತಾರೆ. ಹೊಟ್ಟೆಯ ಗೋಡೆ ಸಡಿಲವಾದೆಡೆ ಕರುಳು ಹೊರಕ್ಕೆ ಜಾರುತ್ತದೆ. ಒಂದು ದಿನ ಅದು ಅಲ್ಲೇ ಸಿಕ್ಕಿಕೊಂಡು, ಅದಕ್ಕೆ ಹೋಗುವ ರಕ್ತ ನಿಂತುಬಿಡಬಹುದು.

ಆ ಗಳಿಗೆಯಿಂದ ಗಡಿಯಾರವೇ ಯಮ. ಮೊದಲು ಕರುಳಿನ ಒಳಪದರ ಸಾಯತೊಡಗುತ್ತದೆ. ರಕ್ತ ಪೂರಾ ನಿಂತರೆ ಸುಮಾರು 6 ಗಂಟೆಗಳಲ್ಲಿ ಕರುಳೇ ಕೊಳೆಯುವ ಸ್ಥಿತಿಗೆ ಬರುತ್ತದೆ. ತಡವಾಗಿ ರಕ್ತ ಹಿಂದಿರುಗಿದರೂ ಗಂಡಾಂತರ ತಪ್ಪದು. ರಕ್ತದೊಡನೆ ಬರುವ ಆಮ್ಲಜನಕದಿಂದಲೇ ಬಳಲಿದ ಕರುಳಿನಲ್ಲಿ ವಿಷಕಣಗಳು ಹುಟ್ಟುತ್ತವೆ. 1981ರಲ್ಲಿ ಅಮೆರಿಕದಲ್ಲಿ ಗ್ರೇಂಜರ್ ಮೊದಲಾದ ವಿಜ್ಞಾನಿಗಳು ಬೆಕ್ಕಿನ ಕರುಳಿನ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಅಂದಿನಿಂದ ಪ್ರಾಣಿಗಳಲ್ಲಿ ಹಲವು ಔಷಧಗಳು ಗೆದ್ದಿವೆ. ಮನುಷ್ಯನ ಕರುಳನ್ನು ಈ ಪೆಟ್ಟಿನಿಂದ ಕಾಯುತ್ತದೆಂದು ವೈದ್ಯಲೋಕ ಒಪ್ಪಿದ ಗುಳಿಗೆ ಇಂದಿಗೂ ಬಂದಿಲ್ಲ. ಬೇಗನೆ ಆಗುವ ಆಪರೇಷನ್ನೇ ಔಷಧ.

ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರು. ಆ ದಾರಿಗೆ ಒಂದು ಗಂಟೆ ಸಾಕು. ಮಿಕ್ಕ ಗಂಟೆಗಳನ್ನು ನುಂಗುವುದು ಗಾಡಿಗೆ ಕಾಯುವುದು, ಡಾಕ್ಟರಿಗೆ ಕಾಯುವುದು, "ಮುಂದಕ್ಕೆ ಹೋಗಿ" ಎಂಬ ಚೀಟಿಗೆ ಕಾಯುವುದು. ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಉಂಟು, ಸರಿ. ಆದರೆ ಗಾಡಿ ಆಪರೇಷನ್ ಮಾಡುವುದೇ ಸ್ವಾಮಿ? ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲಿನಂತೆ ರಾತ್ರಿಯೂ ಶಸ್ತ್ರವೈದ್ಯ, ಅರಿವಳಿಕೆ ವೈದ್ಯ ಇರಲೇಬೇಕು.

"ಮೊದಲೇ ಆಪರೇಷನ್ ಮಾಡಿಸಿಕೊಳ್ಳಬಾರದಿತ್ತೆ?" ಎನ್ನುವ ಮಹಾಶಯರೂ ಇದ್ದಾರೆ. ಇ.ಎಸ್.ಐ. ಇರುವ ಗಿರಣಿ ಕಾರ್ಮಿಕನಿಗೆ ಕಾಯಿಲೆಯ ದಿನಗಳಲ್ಲಿ ಕೂಲಿಯ ನೂರಕ್ಕೆ 70 ದೊರೆಯುತ್ತದೆ. ದಿನಗೂಲಿಯ ಹಮಾಲಿಗೆ? ಆಪರೇಷನ್ ಆದಮೇಲೆ ಕೆಲವು ವಾರ ಭಾರ ಎತ್ತಬಾರದು. ಭಾರ ಎತ್ತದ ದಿನ ಅವನ ಮನೆಯ ಒಲೆ ಹೊತ್ತದು. ಮಾರುಕಟ್ಟೆ ಶುಲ್ಕ ಎತ್ತುವವರು ಆ ವಾರಗಳ ಕೂಲಿ ಕೊಡಲಿ, ಆಮೇಲೆ ಬುದ್ಧಿ ಹೇಳಲಿ.

ಬಂಧುಗಳೇ, ಗಂಟು ಒಳಕ್ಕೆ ಹೋಗದೆ ನೋವು, ವಾಂತಿ ಬಂದರೆ ಒತ್ತಬೇಡಿ, ನೀವಬೇಡಿ, ಭೇದಿಯ ಔಷಧ ಕುಡಿಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಅಲ್ಲಿಗೆ ತಲುಪಿದ ಹೊತ್ತು, ಡಾಕ್ಟರು ನೋಡಿದ ಹೊತ್ತು ಎರಡನ್ನೂ ಬರೆಸಿಕೊಳ್ಳಿ. ಆ ಲೆಕ್ಕವನ್ನು ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಟ್ಟು ಜವಾಬು ಕೇಳೋಣ.